ಸಣ್ಣವರಿಗೂ ಹೇಳಬೇಕು: ಹಬ್ಬ, ಹಂಗಾಮು ಮತ್ತು ಮಕ್ಕಳ ಗ್ರಂಥಾಲಯ



ಮಸ್ಕಿಯ ಬೆಟ್ಟದ ಬಂಡೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿನ ಬಂಡೆಯ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಅದುವರೆಗೆ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಮಾತ್ರ ಶಾಸನಗಳಲ್ಲಿ ಕಾಣಿಸಿಕೊಂಡಿದ್ದ ಅರಸನು ಅಶೋಕನೇ ಎಂಬುದು ಈ ಬಂಡೆಯಿಂದ ದೃಢಪಟ್ಟಿತು. ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಆ ಶಾಸನ ಹೇಳುವ ಮಾತನ್ನು ನಾವು ಗಮನಿಸುವುದು ಕಡಿಮೆ. ಧರ್ಮಮಾರ್ಗದ ಏಳಿಗೆ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರದ್ಧೆಯಿದ್ದರೆ ಸಣ್ಣವನೂ ಅದನ್ನು ಪಡೆಯಬಲ್ಲ, ಆದುದರಿಂದ ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಅದರ ಸಾರಾಂಶ.

ಶಾಸನದ ‘ಸಣ್ಣವರು’ ವಯಸ್ಸಿನಲ್ಲಿ ಸಣ್ಣವರಲ್ಲ, ಸ್ಥಾನಮಾನದಲ್ಲಿ ಸಣ್ಣವರು. ಆದರೆ ಇಂದು ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹಳ್ಳಿಯ ಶಾಲೆಯಲ್ಲಿ ಒಂದನೆಯ ತರಗತಿಗೆ ಕುಳಿತಿರುವ ಕೂಲಿಕಾರರ ಮಗು ಎರಡೂ ಅರ್ಥದಲ್ಲಿ ಸಣ್ಣದು. ಆ ಮಗುವಿಗೆ ಪುಸ್ತಕವನ್ನು ತಲುಪಿಸುವುದು ಹೇಗೆ? ಯಾವ ದಿನ, ಯಾವ ತಿಂಗಳು, ಯಾವ ನೆಪದಿಂದ ಅದನ್ನು ಗ್ರಂಥಾಲಯದ ಬಾಗಿಲಿಗೆ ಕರೆತರಬೇಕು? ಈ ಪ್ರಶ್ನೆಗೆ ನಮ್ಮ ನೆಲದ ಇತಿಹಾಸದಲ್ಲಿಯೇ ಒಂದು ಉತ್ತರವಿದೆ ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಓದುವುದಕ್ಕೂ ಒಂದು ದಿನ

ಅಶೋಕನ ಕಾಲದಲ್ಲಿ ಬಂಡೆಯ ಮೇಲಿನ ಬರಹವನ್ನು ತಾನೇ ಓದಬಲ್ಲವರು ವಿರಳವಾಗಿದ್ದರು. ಮೇಲಾಗಿ ಅದರ ಭಾಷೆ ಪ್ರಾಕೃತ. ಹಾಗಾದರೆ ಅದು ಜನರಿಗೆ ತಲುಪಿದ್ದು ಹೇಗೆ? ಓದಿ ಹೇಳುವವರ ಬಾಯಿಂದ. ಕಳಿಂಗ ದೇಶಕ್ಕಾಗಿ, ಅಂದರೆ ಇಂದಿನ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ, ಬರೆಸಿದ ಪ್ರತ್ಯೇಕ ಶಾಸನಗಳಲ್ಲಿ ಒಂದು ಕುತೂಹಲಕರ ಆಜ್ಞೆಯಿದೆ. ತಿಷ್ಯ ನಕ್ಷತ್ರದ ದಿನಗಳಂದು, ನಾಲ್ಕು ತಿಂಗಳ ಋತುವಿಗೊಮ್ಮೆ, ಈ ಬರಹವನ್ನು ಓದಿಸಿ ಕೇಳಬೇಕು. ನಡುವಿನ ದಿನಗಳಲ್ಲಿ ಕೇಳುವವನು ಒಬ್ಬನೇ ಇದ್ದರೂ ಅವನಿಗಾಗಿ ಓದಬಹುದು. ಈ ಪ್ರತ್ಯೇಕ ಶಾಸನಗಳ ಭಾಗಗಳು 1989ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತವು. ದೇವಾಲಯದ ಮೂರ್ತಿಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಆಗ ತಿಳಿದುಬಂತು.

ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಭೇರಿ ಬಾರಿಸಿ ಜನಪದರಿಗೆ ವಿಷಯವನ್ನು ಸಾರಬೇಕು, ಗುರುಗಳು ತಮ್ಮ ಶಿಷ್ಯರಿಗೆ ಅದನ್ನು ಕಲಿಸಬೇಕು ಎಂದು ಅದು ಅಪ್ಪಣೆ ಮಾಡುತ್ತದೆ. ಇಲ್ಲಿ ನಾವು ಮೂರು ಸಂಗತಿಗಳನ್ನು ಗುರುತಿಸಬಹುದು: ಓದಿಗೆ ಗೊತ್ತಾದ ಒಂದು ದಿನ, ಗಟ್ಟಿಯಾಗಿ ಓದುವ ಒಬ್ಬ ವ್ಯಕ್ತಿ, ಕೇಳಲು ನೆರೆದ ಜನ. ಪುಸ್ತಕವೇ ಇಲ್ಲದ ಕಾಲದಲ್ಲಿ ಈ ಮೂರೂ ಸೇರಿ ಗ್ರಂಥಾಲಯದ ಕೆಲಸವನ್ನು ಮಾಡಿದವು.

ಈ ಕ್ರಮ ಮುಂದೆಯೂ ಈ ಸೀಮೆಯಲ್ಲಿ ಅಳಿಯಲಿಲ್ಲ. ಶ್ರಾವಣ ಬಂದರೆ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ತಾಯಂದಿರ ಮಡಿಲಲ್ಲಿ ಮಕ್ಕಳು ಕೇಳುತ್ತಾ ನಿದ್ದೆ ಹೋಗುತ್ತವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನಾಡಿಗೇ ಹೆಸರಾದದ್ದು. ಈ ಭಾಗದ ಮೊಹರಂನಲ್ಲಿ ಹಾಡುವ ರಿವಾಯತ ಪದಗಳು ಕರ್ಬಲಾದ ಕಥೆಯನ್ನು ಕನ್ನಡದಲ್ಲಿಯೇ ಹೇಳುತ್ತವೆ. ಹಿಂದೂಗಳೂ ಮುಸಲ್ಮಾನರೂ ಅಲ್ಲಿ ಜೊತೆಯಾಗಿ ನಿಲ್ಲುತ್ತಾರೆ. ಅದೇ ಮುದಗಲ್ಲಿನಲ್ಲಿ, ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಗೋವೆಯ ಕಡೆಯಿಂದ ಬಂದ ಗುರುಗಳಿಂದ ತಮ್ಮ ವಿಶ್ವಾಸವನ್ನು ಪಡೆದ ಹಳೆಯ ಕಥೋಲಿಕ ಕ್ರೈಸ್ತ ಸಮುದಾಯವೂ ಇದೆ. ಓದು ಬಾರದವನಿಗೂ ವರ್ಷಕ್ಕೊಮ್ಮೆ ಒಂದು ದೊಡ್ಡ ಕಥೆ ಕಿವಿಗೆ ಬೀಳುವಂತೆ ಮಾಡಿದ್ದು ಹಬ್ಬವೇ.

ಸಭೆಗೆ ಅಪ್ಪಣೆ ಬೇಕಾಗಿದ್ದ ಕಾಲ

ಅಚ್ಚಾದ ಪುಸ್ತಕ ಈ ಸೀಮೆಗೆ ಬಂದ ಕಥೆಯೂ ಮನಮುಟ್ಟುವಂಥದ್ದೇ. ಹರ್ಮನ್ ಮೋಗ್ಲಿಂಗರು 1843ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಮೊದಲ ಕನ್ನಡ ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಬಂದು ಅಲ್ಲಿ ಅಚ್ಚಾಯಿತು. ಬಳ್ಳಾರಿ ಇದ್ದದ್ದು ತುಂಗಭದ್ರೆಯ ಆಚೆಯ ಮದರಾಸು ಆಧಿಪತ್ಯದಲ್ಲಿ. ಈಚೆ ದಡದ ಸಿಂಧನೂರು, ಲಿಂಗಸುಗೂರುಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿ ಆಡಳಿತದ ಭಾಷೆ ಉರ್ದು, ಮೇಲಿನ ಶಿಕ್ಷಣದ ಭಾಷೆಯೂ ಉರ್ದು. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ಹೊಸದೊಂದು ಭಾಷೆಗೆ ಹೊರಳಬೇಕಾಗಿತ್ತು. ಸಾರ್ವಜನಿಕ ಸಭೆ ನಡೆಸಲು ಸರ್ಕಾರದ ಅಪ್ಪಣೆ ಬೇಕಾಗಿತ್ತು.

ಇಂಥ ಕಾಲದಲ್ಲಿ ಸಂಸ್ಥಾನದ ಕನ್ನಡ, ತೆಲುಗು, ಮರಾಠಿ ಜನರು ಗ್ರಂಥಾಲಯ ಮತ್ತು ಹಬ್ಬ ಎಂಬ ಎರಡು ಕಿಟಕಿಗಳನ್ನು ತೆರೆದುಕೊಂಡರು. ರಾಜಕೀಯ ಸಭೆ ಸೇರಲಾಗದಿದ್ದರೂ ವಾಚನಾಲಯದಲ್ಲಿ ಕೂಡಬಹುದಿತ್ತು, ಉತ್ಸವದ ನೆಪದಲ್ಲಿ ಉಪನ್ಯಾಸ ಏರ್ಪಡಿಸಬಹುದಿತ್ತು. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ಸೇರಿತು. ಅದರ ಅಧ್ಯಕ್ಷರು ಯಾರು ಬಲ್ಲಿರಾ? ಪಂಜೆ ಮಂಗೇಶರಾಯರು. ಮಕ್ಕಳಿಗಾಗಿ ಕಥೆ ಕಟ್ಟಿದವರು, ಪದ್ಯ ಬರೆದವರು, ಶಾಲೆಗಳ ಇನ್ಸ್‌ಪೆಕ್ಟರರಾಗಿ ಮಕ್ಕಳ ನಡುವೆಯೇ ಬಾಳಿದವರು. ಕನ್ನಡದ ಮಗುವಿಗೆ ಕನ್ನಡದ ಪುಸ್ತಕ ದುರ್ಲಭವಾಗಿದ್ದ ನೆಲಕ್ಕೆ ಮಕ್ಕಳ ಸಾಹಿತ್ಯದ ಹಿರಿಯರೇ ಬಂದು ಅಧ್ಯಕ್ಷಪೀಠದಲ್ಲಿ ಕುಳಿತರು. ಇದನ್ನು ನಾವು ಕಾಕತಾಳೀಯವೆಂದು ಬಿಡಬಹುದು, ಅಥವಾ ಒಂದು ಋಣವೆಂದು ನೆನೆಯಬಹುದು.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1955ರಲ್ಲಿ ಹೈದರಾಬಾದ್ ರಾಜ್ಯ ತನ್ನದೇ ಆದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ಮಾಡಿತು. ಮರುವರ್ಷ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. 1965ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಗ್ರಂಥಾಲಯ ಕಾಯ್ದೆ ಬಂತು. ಕಾನೂನು ಬಂದಷ್ಟು ಬೇಗ ಓದು ಬರಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ನ್ನು ದಾಟಿದ್ದರೆ ರಾಯಚೂರು ಜಿಲ್ಲೆಯದು ಶೇಕಡಾ 60ನ್ನು ಮುಟ್ಟಿರಲಿಲ್ಲ.

ರಜೆಯ ದಿನವೇ ಶಾಲೆಯಾದಾಗ

ಹೊರಗಿನ ಲೋಕದತ್ತ ಸ್ವಲ್ಪ ಕಣ್ಣು ಹಾಯಿಸೋಣ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕಾ ಸಂಪಾದಕರು ಬಡಮಕ್ಕಳಿಗಾಗಿ ಭಾನುವಾರದ ಶಾಲೆಯನ್ನು ತೆರೆದರು. ವಾರದ ಆರು ದಿನ ದುಡಿಮೆಯಲ್ಲಿ ಸವೆಯುತ್ತಿದ್ದ ಮಕ್ಕಳಿಗೆ ಬಿಡುವಿದ್ದ ದಿನ ಅದೊಂದೇ. ಇಂದು ನಾವು ಸಂಡೇ ಸ್ಕೂಲ್ ಎಂದರೆ ಧರ್ಮೋಪದೇಶವನ್ನಷ್ಟೇ ನೆನೆಯುತ್ತೇವೆ. ಆದರೆ ಅಲ್ಲಿ ಮೊದಲು ಕಲಿಸಿದ್ದು ಅಕ್ಷರವನ್ನು. ಮುಂದೆ ಆ ಶಾಲೆಗಳ ಪುಸ್ತಕದ ಕಪಾಟುಗಳೇ ಅನೇಕ ಊರುಗಳಲ್ಲಿ ಮಕ್ಕಳ ಮೊದಲ ಗ್ರಂಥಾಲಯಗಳಾದವು. ಉಳ್ಳವರ ಮಗುವಿಗೆ ರಜೆಯೆಂದರೆ ವಿಶ್ರಾಂತಿ. ದುಡಿಯುವ ಮಗುವಿಗೆ ಅದೇ ಏಕೈಕ ಅವಕಾಶ.

ಇನ್ನೊಂದು ಉದಾಹರಣೆ ಅಮೆರಿಕೆಯದು. ಪ್ಯೂರಾ ಬೆಲ್‌ಪ್ರೇ ಎಂಬ ಮಹಿಳೆ 1921ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ಪೋರ್ಟೊ ರಿಕೊ ದ್ವೀಪದಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದ ಕುಟುಂಬಗಳ ಮಕ್ಕಳು ಗ್ರಂಥಾಲಯದ ಹೊಸ್ತಿಲನ್ನೇ ತುಳಿಯುತ್ತಿರಲಿಲ್ಲ. ಅಲ್ಲಿ ತಮ್ಮ ಭಾಷೆಯಿಲ್ಲ, ತಮ್ಮ ಕಥೆಯಿಲ್ಲ ಎಂದು ಅವರು ತಿಳಿದಿದ್ದರು. ಬೆಲ್‌ಪ್ರೇ ಸ್ಪ್ಯಾನಿಷ್ ಭಾಷೆಯಲ್ಲಿ ಕಥೆ ಹೇಳತೊಡಗಿದರು. ಅಷ್ಟೇ ಅಲ್ಲ, ಜನವರಿ 6ರಂದು ಬರುವ, ಅವರ ಮನೆಮನೆಯಲ್ಲಿ ಆಚರಿಸುವ ಮೂವರು ಜ್ಞಾನಿಗಳ ಹಬ್ಬವನ್ನು ಗ್ರಂಥಾಲಯದಲ್ಲಿಯೇ ನಡೆಸಿದರು. ಹಬ್ಬವನ್ನು ಹಿಂಬಾಲಿಸಿ ಮಕ್ಕಳು ಬಂದರು, ಮಕ್ಕಳನ್ನು ಹಿಂಬಾಲಿಸಿ ತಾಯಂದಿರು ಬಂದರು. ತಾವು ಬಾಲ್ಯದಲ್ಲಿ ಕೇಳಿದ ಕಥೆ ಕಪಾಟಿನಲ್ಲಿ ಇಲ್ಲದ್ದನ್ನು ಕಂಡು ಬೆಲ್‌ಪ್ರೇ ತಾವೇ ಅದನ್ನು ಬರೆದರು. 1932ರಲ್ಲಿ ಅದು ಪುಸ್ತಕವಾಯಿತು.

ನಮ್ಮ ದೇಶದಲ್ಲಿಯೂ ಪುಸ್ತಕವೇ ಜನರ ಬಳಿಗೆ ನಡೆದುಹೋದ ನಿದರ್ಶನಗಳಿವೆ. ಬರೋಡದ ಸಯ್ಯಾಜಿರಾವ್ ಗಾಯಕವಾಡರು 1910ರಿಂದ ಕಟ್ಟಿಸಿದ ಗ್ರಂಥಾಲಯ ವ್ಯವಸ್ಥೆಯಲ್ಲಿ ಪುಸ್ತಕದ ಪೆಟ್ಟಿಗೆಗಳು ಹಳ್ಳಿಯಿಂದ ಹಳ್ಳಿಗೆ ಸಂಚರಿಸಿದವು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತ ಎತ್ತಿನ ಗಾಡಿಯೊಂದು ಪುಸ್ತಕ ಹೊತ್ತು ತಿರುಗಿತು. ಅದೇ ವರ್ಷ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಅವುಗಳಲ್ಲಿ ಎರಡನೆಯದು. ಮಸ್ಕಿಯ ಬಂಡೆ ಹೇಳಿದ್ದಕ್ಕೂ ಇದಕ್ಕೂ ಎಷ್ಟು ದೂರ?

ನಮ್ಮ ಮಕ್ಕಳ ವರ್ಷ

ಈಗ ನಮ್ಮ ಮೂರು ತಾಲ್ಲೂಕುಗಳಿಗೆ ಮರಳೋಣ. ಗ್ರಂಥಾಲಯಗಳ ಅಧಿಕೃತ ಪಂಚಾಂಗದಲ್ಲಿ ಎರಡು ದಿನಗಳು ಮುಖ್ಯ. ನವೆಂಬರ್ 14ರ ಮಕ್ಕಳ ದಿನಾಚರಣೆಯಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಇದು 1968ರಿಂದ ನಡೆದುಬಂದಿದೆ. ಏಪ್ರಿಲ್ 2ರಂದು ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ. ಎರಡೂ ಒಳ್ಳೆಯವೇ. ಆದರೆ ನಮ್ಮ ಮಕ್ಕಳ ವರ್ಷ ಬೇರೆ ರೀತಿಯಲ್ಲಿ ಸಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಸಿಂಧನೂರಿನ ನೆಲಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ. ಭತ್ತದ ಕೊಯ್ಲಿನ ಕಾಲವೂ ಗ್ರಂಥಾಲಯ ಸಪ್ತಾಹದ ಕಾಲವೂ ಹತ್ತಿರ ಹತ್ತಿರ ಬರುತ್ತವೆ. ಲಿಂಗಸುಗೂರು ಮತ್ತು ಮಸ್ಕಿಯ ಬಹುಭಾಗ ಮಳೆಯನ್ನೇ ನಂಬಿದ ನೆಲ. ಅಲ್ಲಿ ಸುಗ್ಗಿ ಮುಗಿದೊಡನೆ, ಮಳೆ ಕೈಕೊಟ್ಟರೆ ಅದಕ್ಕೂ ಮೊದಲೇ, ಕುಟುಂಬಗಳು ಗಂಟುಮೂಟೆ ಕಟ್ಟಿ ಬೆಂಗಳೂರಿನಂಥ ಊರುಗಳಿಗೆ ಗುಳೆ ಹೋಗುತ್ತವೆ. ಮನೆಯಲ್ಲಿ ಅಜ್ಜಿಯಿದ್ದರೆ ಮಗು ಊರಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ. ದಸರೆಯಲ್ಲಿ ಕಥೆ ಕೇಳಿದ ಮಗು ಕ್ರಿಸ್ಮಸ್ಸಿಗೆ ಇರುವುದಿಲ್ಲ. ಆದುದರಿಂದ ಇಲ್ಲಿ ಮಕ್ಕಳ ಗ್ರಂಥಾಲಯದ ಕಾರ್ಯಕ್ರಮ ರೂಪಿಸುವವರು ಹಬ್ಬದ ಪಂಚಾಂಗವನ್ನೂ ಹೊಲದ ಹಂಗಾಮನ್ನೂ ಒಟ್ಟಿಗೆ ಮುಂದಿಟ್ಟುಕೊಳ್ಳಬೇಕು.

ಜೂನ್ ತಿಂಗಳನ್ನು ನೋಡಿರಿ. ಶಾಲೆ ಆಗತಾನೆ ತೆರೆದಿರುತ್ತದೆ, ಗುಳೆ ಹೋದವರು ಬಿತ್ತನೆಗೆ ಮರಳಿರುತ್ತಾರೆ, ಮಕ್ಕಳು ಊರಲ್ಲಿರುತ್ತಾರೆ. ಕಾರಹುಣ್ಣಿಮೆಯಂದು ಎತ್ತುಗಳು ಸಿಂಗಾರಗೊಳ್ಳುತ್ತವೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳು ಎರೆಮಣ್ಣಿನಲ್ಲಿ ಎತ್ತುಗಳನ್ನು ಮಾಡುತ್ತಾರೆ. ಗ್ರಂಥಾಲಯಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಯಾವುದು? ಎತ್ತಿನ ಒಂದು ಕಥೆಯನ್ನು ಗಟ್ಟಿಯಾಗಿ ಓದಿ, ಮಕ್ಕಳ ಕೈಗೆ ಮಣ್ಣು ಕೊಟ್ಟು, ಅವರು ಮಾಡಿದ ಎತ್ತಿನ ಕೆಳಗೆ ಅವರವರ ಹೆಸರನ್ನು ಬರೆಯಿಸಿ ಕಪಾಟಿನ ಮೇಲೆ ಇರಿಸಬಹುದು. ತನ್ನ ಹೆಸರಿರುವ ಜಾಗಕ್ಕೆ ಮಗು ಮತ್ತೆ ಬರುತ್ತದೆ.

ಪಂಚಮಿಗೆ ಜೋಕಾಲಿ ಮತ್ತು ಜೋಕಾಲಿಯ ಹಾಡು. ಹಾಡಿದ್ದನ್ನು ಬರೆದುಕೊಂಡರೆ ಅದೇ ಮಕ್ಕಳು ಕಟ್ಟಿದ ಮೊದಲ ಪುಸ್ತಕ. ದಸರೆಗೆ ಬನ್ನಿ ಕೊಡುವಾಗ ಒಂದು ಪುಸ್ತಕವನ್ನೂ ಕೈಗೆ ಕೊಡಬಹುದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಅಜ್ಜ ಹೇಳಿದ ಕಥೆಯನ್ನು ಮರುದಿನ ಗ್ರಂಥಾಲಯದಲ್ಲಿ ಮಗುವೇ ಹೇಳಬಹುದು. ಮೊಹರಂ ಚಾಂದ್ರಮಾನದಂತೆ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಏಕೆ ಎಂದು ಕೇಳುವ ಮಗುವಿಗೆ ಚಂದ್ರನ ಪುಸ್ತಕವನ್ನು ತೋರಿಸಬಹುದು. ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗಾಗಿ ಮಾಡಿದ ಪುನರ್ವಸತಿ ಕ್ಯಾಂಪುಗಳಿವೆ, ಕಾಲುವೆಯೊಡನೆ ಬಂದ ತೆಲುಗು ರೈತರ ಕ್ಯಾಂಪುಗಳಿವೆ, ಲಂಬಾಣಿ ತಾಂಡಾಗಳಿವೆ. ಬಂಗಾಳಿಗಳಿಗೆ ವಸಂತ ಪಂಚಮಿಯ ಸರಸ್ವತಿ ಪೂಜೆ ಎಂದರೆ ಮಕ್ಕಳ ಅಕ್ಷರಾಭ್ಯಾಸದ ದಿನ. ಆ ಮಕ್ಕಳ ಹಬ್ಬವನ್ನು ಕೇಳಿ ತಿಳಿಯದ ಗ್ರಂಥಾಲಯ ಆ ಮಕ್ಕಳನ್ನು ಹೇಗೆ ಕಂಡೀತು?

ಇನ್ನು ಕ್ರಿಸ್ಮಸ್. ನಾವು ಮನೆ ಮನೆಗಳಲ್ಲಿ ಕಟ್ಟುವ ಗೋದಲಿಯ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯನ್ನು ಸಿದ್ಧಪಡಿಸಿ, ಎತ್ತನ್ನೂ ಕತ್ತೆಯನ್ನೂ ತಂದು ನಿಲ್ಲಿಸಿದರು. ಲತೀನ್ ಓದಬಲ್ಲವರಿಗಾಗಿ ಅಲ್ಲ, ಓದಲಾರದ ರೈತರು ಆ ಕಥೆಯನ್ನು ಕಣ್ಣಾರೆ ಕಾಣಲೆಂದು. ಜೂನ್ ತಿಂಗಳಲ್ಲಿ ಮಕ್ಕಳು ಮಾಡಿಟ್ಟ ಮಣ್ಣೆತ್ತು ಡಿಸೆಂಬರಿನಲ್ಲಿ ಗೋದಲಿಯ ಬಳಿ ಬಂದು ನಿಂತರೆ ಯಾರಿಗೆ ಆಕ್ಷೇಪಣೆ? ಅದನ್ನು ಮಾಡಿದ ಮಗು ಯಾವ ಮನೆಯದೇ ಆಗಿರಲಿ, ತನ್ನ ಎತ್ತನ್ನು ಗುರುತಿಸುತ್ತದೆ. ಆ ಮಗು ಗುಳೆ ಹೋಗಿದ್ದರೆ, ಅದರ ಹೆಸರು ಬರೆದ ಎತ್ತು ಅಲ್ಲಿ ಅದಕ್ಕಾಗಿ ಕಾಯುತ್ತದೆ.

ಅಲಂಕಾರವೋ, ಓದೋ?

ಒಂದು ಎಚ್ಚರಿಕೆಯ ಮಾತು. ಬಣ್ಣದ ಕಾಗದ ಅಂಟಿಸಿ, ಹತ್ತಿಯ ಗಡ್ಡ ಕಟ್ಟಿ, ಮಿಠಾಯಿ ಹಂಚಿ, ಫೋಟೋ ತೆಗೆದು ಬಾಗಿಲು ಹಾಕಿದರೆ ಅದು ಹಬ್ಬವಾಗಬಹುದು, ಗ್ರಂಥಾಲಯದ ಕೆಲಸವಾಗದು. ಎರಡು ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಳ್ಳೋಣ: ಈ ದಿನ ಒಂದು ಕಥೆಯನ್ನಾದರೂ ಗಟ್ಟಿಯಾಗಿ ಓದಲಾಯಿತೇ? ಒಂದು ಪುಸ್ತಕವಾದರೂ ಮಗುವಿನ ಕೈಯಲ್ಲಿ ಮನೆಗೆ ಹೋಯಿತೇ? ಎರಡಕ್ಕೂ ಹೌದು ಎನ್ನಲಾಗದಿದ್ದರೆ ನಾವು ಮಕ್ಕಳ ಸಂತೋಷವನ್ನು ಬಳಸಿಕೊಂಡೆವು, ಅವರಿಗೆ ಏನನ್ನೂ ಕೊಡಲಿಲ್ಲ.

ಸಾಧ್ಯತೆಗಳಿಗೆ ಈಗ ಕೊರತೆಯಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಇಂದು ಅವು ಅರಿವು ಕೇಂದ್ರಗಳೆನಿಸಿಕೊಂಡಿವೆ. ಬೇಸಿಗೆ ಶಿಬಿರಗಳೂ ನಡೆದಿವೆ. ಇಷ್ಟಿದ್ದರೂ ಗಟ್ಟಿಯಾಗಿ ಓದುವ ಒಂದು ಕಂಠ ಇಲ್ಲದಿದ್ದರೆ ಪುಸ್ತಕ ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರದಂತೆಯೇ ಮೌನವಾಗಿರುತ್ತದೆ.

ಆ ಕಂಠ ನಿಮ್ಮದಾಗಬಾರದೇಕೆ, ಪ್ರಿಯ ವಾಚಕರೇ? ನಿವೃತ್ತ ಶಿಕ್ಷಕರಾಗಿರಬಹುದು, ಕಾಲೇಜಿಗೆ ಹೋಗುವ ಮಗಳಾಗಿರಬಹುದು, ಧರ್ಮಕೇಂದ್ರದ ಯುವಕ ಸಂಘದವರಾಗಿರಬಹುದು. ವರ್ಷದಲ್ಲಿ ಆರು ಹಬ್ಬಗಳನ್ನು ಆರಿಸಿಕೊಂಡು, ಆರು ದಿನ, ಒಂದೊಂದು ಗಂಟೆ ಹತ್ತಿರದ ಗ್ರಂಥಾಲಯದಲ್ಲಿ ಮಕ್ಕಳಿಗೆ ಓದಿ ಹೇಳುವುದು ದೊಡ್ಡ ಭಾರವಲ್ಲ. ಕೇಳುವವನು ಒಬ್ಬನೇ ಆದರೂ ಓದಬಹುದೆಂದು ಶಾಸನವೇ ಹೇಳಿದೆ.

ಇನ್ನೊಂದು ಸಣ್ಣ ಕೋರಿಕೆ. ಗುಳೆ ಹೊರಟ ಕುಟುಂಬದ ಗಂಟಿನಲ್ಲಿ ಎರಡು ಚಿತ್ರಪುಸ್ತಕಗಳಿಗೆ ಜಾಗ ಕೇಳಿ ಇರಿಸಿರಿ. ಅವು ಹರಿದು ಬರಬಹುದು, ಬಾರದೆಯೂ ಹೋಗಬಹುದು. ಲೆಕ್ಕದ ಪುಸ್ತಕದಲ್ಲಿ ಅದು ನಷ್ಟ. ಆದರೆ ದೂರದ ಊರಿನ ಕಟ್ಟಡ ಕೆಲಸದ ತಗಡಿನ ಶೆಡ್ಡಿನಲ್ಲಿ, ದೀಪಾವಳಿಯೋ ಕ್ರಿಸ್ಮಸ್ಸೋ ಸಂಕ್ರಾಂತಿಯೋ ಎಂದು ತಿಳಿಯದ ಒಂದು ಸಂಜೆ, ಅಕ್ಕ ತಮ್ಮನಿಗೆ ಅದನ್ನು ಓದಿ ಹೇಳಿದರೆ, ಮಸ್ಕಿಯ ಬಂಡೆಯ ಮಾತು ಆ ದಿನ ಅಷ್ಟು ದೂರ ನಡೆದು ಒಬ್ಬ ಸಣ್ಣವನನ್ನು ತಲುಪಿತು ಎಂದು ನಾವು ತಿಳಿಯಬಹುದು.